ಐಯೋನ್ ಶಬ್ದದ ಅರ್ಥವಿಚಾರ: ಆಯುಸ್ಸು, ಯುಗ, ನಿತ್ಯ

೧. ವಿಷಯೋಪಕ್ರಮ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಸೀಮೆಗೆ ಶಾಸನಗಳಲ್ಲಿ ಎಡೆದೊರೆನಾಡೆಂದು ಹೆಸರು. ಈಗಿನ ರಾಯಚೂರು ನಗರವೂ ದೇವದುರ್ಗ, ಮಾನವಿ ಪ್ರಾಂತಗಳೂ ಈ ಸೀಮೆಯೊಳಗಿನವು. ಆಯುಸ್ಸು, ಕಲ್ಪ, ನಿತ್ಯ ಮೊದಲಾದ ಕಾಲವಾಚಕ ಶಬ್ದಗಳನ್ನು ಕನ್ನಡ ಪದ್ಯದಲ್ಲಿ ಶಾಸ್ತ್ರದ ಖಚಿತತೆಯಿಂದ ಬಳಸಿದ ಹರಿದಾಸರಲ್ಲಿ ಮೂವರು ಪ್ರಮುಖರು ಈ ನೆಲದಲ್ಲಿಯೇ ಜನಿಸಿದವರು. ವಿಜಯದಾಸರ (೧೬೮೨–೧೭೫೫) ಊರು ಮಾನವಿ ಸೀಮೆಯ ಚೀಕಲಪರವಿ. ಅವರ ಶಿಷ್ಯರಾದ ಗೋಪಾಲದಾಸರದು ದೇವದುರ್ಗ ಸೀಮೆಯ ಮೊಸರಕಲ್ಲು. ಹರಿಕಥಾಮೃತಸಾರದ ಕರ್ತೃಗಳಾದ ಜಗನ್ನಾಥದಾಸರದು (೧೭೨೮–೧೮೦೯) ಮಾನವಿ ಸೀಮೆಯ ಬ್ಯಾಗವಾಟ.

ಜಗನ್ನಾಥದಾಸರು ಕಾಲವಾದ ಮರುವರ್ಷವೇ, ಎಂದರೆ ೧೮೧೦ರಲ್ಲಿ, ಲಂಡನ್ ಮಿಷನ್ ಸಂಘದ ಜಾನ್ ಹ್ಯಾಂಡ್ಸ್ ಎಂಬವರು ತುಂಗಭದ್ರೆಯ ಆಚೆಯ ಬಳ್ಳಾರಿಗೆ ಬಂದು ನೆಲೆಸಿದರು. ಅವರ ಪರಿಶ್ರಮದಿಂದ ೧೮೩೧ರಲ್ಲಿ ಸಂಪೂರ್ಣ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಬಳಿಕ ವೈಗ್ಲೆ ಮೊದಲಾದ ಬಾಸೆಲ್ ಮಿಷನ್ನಿನ ವಿದ್ವಾಂಸರು ಆ ಅನುವಾದವನ್ನು ತಿದ್ದಿದರು. ಪರಿಷ್ಕರಣಗಳು ಮುಂದೆಯೂ ನಡೆದವು. ಹೀಗೆ ಒಂದೇ ಸೀಮೆಯ ಆಸುಪಾಸಿನಲ್ಲಿ, ಒಂದು ತಲೆಮಾರಿನ ಅಂತರದೊಳಗೆ, ಕಾಲವನ್ನೂ ಕಾಲಾತೀತವನ್ನೂ ಹೇಳುವ ಎರಡು ಬೇರೆಬೇರೆ ಪರಂಪರೆಗಳು ಕನ್ನಡದ ಅವೇ ಶಬ್ದಗಳನ್ನು ಆಶ್ರಯಿಸಿದವು. ಅವುಗಳಲ್ಲಿ ಮುಖ್ಯವಾದದ್ದು ‘ನಿತ್ಯ’ ಎಂಬುದು.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಶಬ್ದದ ಸ್ಥಾನದಲ್ಲಿರುವುದು ‘ಐಯೋನಿಯೊಸ್’ ಎಂಬ ವಿಶೇಷಣ. ಅದು ‘ಐಯೋನ್’ ಎಂಬ ನಾಮಪದದಿಂದ ಹುಟ್ಟಿದೆ. ಈ ನಾಮಪದವನ್ನು ಕನ್ನಡ ಬೈಬಲು ಕೆಲವೆಡೆ ‘ಯುಗ’ವೆಂದೂ ಕೆಲವೆಡೆ ‘ಲೋಕ’ವೆಂದೂ ಅನುವಾದಿಸಿದೆ, ವಿಶೇಷಣವನ್ನು ಬಹುಮಟ್ಟಿಗೆ ‘ನಿತ್ಯ’ವೆಂದಿದೆ. ಮೂಲದಲ್ಲಿ ಒಂದೇ ಬೇರಿನಿಂದ ಬಂದ ಮಾತು ಕನ್ನಡದಲ್ಲಿ ಮೂರಾಗಿ ಒಡೆದಿರುವುದರಿಂದ ಅರ್ಥದಲ್ಲಿ ಏನು ಉಳಿಯಿತು, ಏನು ಕಳೆಯಿತು, ಏನು ಹೊಸದಾಗಿ ಸೇರಿತು ಎಂಬುದೇ ಇಲ್ಲಿ ವಿಚಾರಣೀಯ. ಪಾಪಿಗಳ ದಂಡನೆಗೆ ಕೊನೆಯುಂಟೋ ಇಲ್ಲವೋ ಎಂಬ ಶತಮಾನಗಳ ವಿವಾದವು ಈ ಒಂದು ಶಬ್ದವನ್ನು ಹಿಡಿದು ನಡೆದಿರುವುದರಿಂದ ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ.

೨. ಶಬ್ದದ ಮೂಲ

ಐಯೋನ್ ಎಂಬ ಗ್ರೀಕ್ ಶಬ್ದವೂ ಸಂಸ್ಕೃತದ ‘ಆಯುಸ್’ ಶಬ್ದವೂ ಲ್ಯಾಟಿನ್ನಿನ ‘ಐವುಮ್’ ಶಬ್ದವೂ ಒಂದೇ ಮೂಲಧಾತುವಿನ ಸಂತತಿಗಳೆಂಬುದು ಭಾಷಾಶಾಸ್ತ್ರಜ್ಞರಿಗೆ ಸಮ್ಮತವಾದ ವಿಷಯ. ಜೀವಶಕ್ತಿ, ಬಾಳಿನ ಬಲ ಎಂಬುದು ಆ ಧಾತುವಿನ ಅರ್ಥ. ಗ್ರೀಕಿನಲ್ಲಿ ‘ಸದಾ’ ಎಂಬರ್ಥದ ‘ಅಯೆಯ್’ ಎಂಬ ಅವ್ಯಯವೂ ಇದೇ ಕುಲದ್ದು. ಆದುದರಿಂದ ‘ಸದಾಕಾಲ’ವೆಂಬ ಅರ್ಥಕ್ಕಿಂತ ‘ಆಯುಸ್ಸು’ ಎಂಬ ಅರ್ಥವು ಪ್ರಾಚೀನತರವೆಂದು ಹೇಳತಕ್ಕದ್ದು.

ಹೋಮರನ ಕಾವ್ಯಗಳಲ್ಲಿ ಈ ಅರ್ಥವೇ ಪ್ರಧಾನವಾಗಿದೆ. ರಣದಲ್ಲಿ ವೀರನು ಮಡಿದಾಗ ಅವನನ್ನು ಬಿಟ್ಟುಹೋಗುವುದು ಪ್ರಾಣವೂ ಐಯೋನೂ. ಅಲ್ಲಿ ಐಯೋನ್ ಎಂದರೆ ಅಳತೆಯ ಕಾಲವಲ್ಲ. ಒಬ್ಬನ ಪಾಲಿಗೆ ಬಂದ, ಅವನಲ್ಲಿಯೇ ಇರುವ, ಮುಗಿದುಹೋಗಬಲ್ಲ ಬಾಳು. ಕನ್ನಡದಲ್ಲಿ ‘ಆಯುಷ್ಯ ತೀರಿತು’, ‘ಆಯುಷ್ಯ ಗಟ್ಟಿ’ ಎಂಬ ರೂಢಿಯ ಮಾತುಗಳಲ್ಲಿರುವ ಭಾವವೇ ಅದು.

ಈ ಭಾವಕ್ಕೆ ಎಡೆದೊರೆ ಸೀಮೆಯಲ್ಲಿ ಸುಪ್ರಸಿದ್ಧವಾದ ನಿದರ್ಶನವೊಂದಿದೆ. ಜಗನ್ನಾಥದಾಸರು ಇನ್ನೂ ಶ್ರೀನಿವಾಸಾಚಾರ್ಯರೆಂಬ ಹೆಸರಿನ ಪಂಡಿತರಾಗಿದ್ದಾಗ ವಿಜಯದಾಸರನ್ನು ಉಪೇಕ್ಷಿಸಿ ರೋಗಗ್ರಸ್ತರಾದರೆಂದೂ, ವಿಜಯದಾಸರ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ೪೦ ವರ್ಷಗಳನ್ನು ಅವರಿಗೆ ದಾನಮಾಡಿದರೆಂದೂ ದಾಸಸಂಪ್ರದಾಯವು ಹೇಳುತ್ತದೆ. ಚೀಕಲಪರವಿ, ಮೊಸರಕಲ್ಲು, ಬ್ಯಾಗವಾಟ ಎಂಬ ಮೂರು ಊರುಗಳ ಮಹನೀಯರನ್ನು ಒಂದುಗೂಡಿಸುವ ಈ ಕಥೆಯಲ್ಲಿ ಆಯುಸ್ಸು ಎಂಬುದು ಎಲ್ಲರ ಮೇಲೂ ಸಮನಾಗಿ ಹರಿದುಹೋಗುವ ಕಾಲವಲ್ಲ. ಅದು ಒಬ್ಬನ ಸ್ವತ್ತು. ಆದುದರಿಂದಲೇ ದಾನಕ್ಕೆ ಯೋಗ್ಯವಾದ ವಸ್ತು. ಹೋಮರನ ಐಯೋನನ್ನು ಅರಿಯಲು ಕನ್ನಡಿಗನಿಗೆ ಇದಕ್ಕಿಂತ ಸಮೀಪದ ದೃಷ್ಟಾಂತವು ಬೇಕಾಗದು.

ತತ್ತ್ವಜ್ಞರ ಕೈಯಲ್ಲಿ ಶಬ್ದವು ಮೇಲಕ್ಕೇರಿತು. ಪ್ಲೇಟೋ ತನ್ನ ತಿಮಾಯೊಸ್ ಎಂಬ ಸಂವಾದದಲ್ಲಿ ಐಯೋನನ್ನು ಬಿಂಬವಾಗಿಯೂ ಕಾಲವನ್ನು ಅದರ ಚಲಿಸುವ ಪ್ರತಿಬಿಂಬವಾಗಿಯೂ ನಿರೂಪಿಸಿದನು. ಅರಿಸ್ಟಾಟಲನು ಆಕಾಶವನ್ನು ಕುರಿತ ಗ್ರಂಥದಲ್ಲಿ ಎರಡು ಅರ್ಥಗಳಿಗೂ ಸೇತುವೆ ಕಟ್ಟಿದನು. ಒಂದೊಂದು ಜೀವಿಯ ಬಾಳನ್ನು ಒಳಗೊಳ್ಳುವ ಎಲ್ಲೆಯು ಆ ಜೀವಿಯ ಐಯೋನ್. ಅದೇ ನ್ಯಾಯದಿಂದ ಸಮಸ್ತ ಆಕಾಶವನ್ನೂ ಅನಂತಕಾಲವನ್ನೂ ಒಳಗೊಳ್ಳುವ ಎಲ್ಲೆಯು ವಿಶ್ವದ ಐಯೋನ್ ಎಂಬುದು ಅವನ ಮತದ ಸಾರ. ಈ ವಿವರಣೆಯಲ್ಲಿ ಒಂದು ಸೂತ್ರವು ಅಡಗಿದೆ. ಐಯೋನಿನ ಉದ್ದವು ಶಬ್ದದಲ್ಲಿಲ್ಲ. ಅದು ಯಾವುದರ ಐಯೋನ್ ಎಂಬುದರಲ್ಲಿದೆ. ಸೊಳ್ಳೆಗೂ ಆಯುಸ್ಸುಂಟು, ಚತುರ್ಮುಖನಿಗೂ ಆಯುಸ್ಸುಂಟು. ಶಬ್ದವು ಒಂದೇ, ಪರಿಮಾಣವು ಬೇರೆ.

೩. ಹೀಬ್ರೂವಿನ ಓಲಾಮ್

ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಮೊದಲುಗೊಂಡು ಯೆಹೂದ್ಯರ ಹೀಬ್ರೂ ಗ್ರಂಥಗಳು ಗ್ರೀಕಿಗೆ ಅನುವಾದವಾದವು. ಎಪ್ಪತ್ತು ಮಂದಿಯ ಭಾಷಾಂತರವೆಂದು ಪ್ರಸಿದ್ಧವಾದ ಈ ಗ್ರಂಥದಲ್ಲಿ ‘ಓಲಾಮ್’ ಎಂಬ ಹೀಬ್ರೂ ಶಬ್ದಕ್ಕೆ ಪ್ರಾಯಶಃ ಎಲ್ಲೆಡೆಯೂ ಐಯೋನ್ ಎಂಬುದನ್ನೇ ಇಟ್ಟಿದ್ದಾರೆ. ಓಲಾಮ್ ಎಂದರೆ ಕಣ್ಣಿಗೆ ಕಾಣದಷ್ಟು ದೂರದ ಕಾಲ. ಹಿಂದಕ್ಕಾದರೂ ಸರಿ, ಮುಂದಕ್ಕಾದರೂ ಸರಿ. ಆ ದೂರವು ಎಷ್ಟೆಂಬುದನ್ನು ಸಂದರ್ಭವೇ ನಿಶ್ಚಯಿಸಬೇಕು. ಮೂರು ಸ್ಥಳಗಳನ್ನು ಉದಾಹರಿಸಬಹುದು.

ವಿಮೋಚನಕಾಂಡದ ೨೧ನೆಯ ಅಧ್ಯಾಯದಲ್ಲಿ, ಬಿಡುಗಡೆಯನ್ನೊಲ್ಲದ ದಾಸನ ಕಿವಿಯನ್ನು ಚುಚ್ಚಿದ ಮೇಲೆ ಅವನು ಯಜಮಾನನಿಗೆ ಐಯೋನಿನವರೆಗೆ ಊಳಿಗ ಮಾಡಬೇಕೆಂದು ವಿಧಿಯಿದೆ. ಇಲ್ಲಿ ಅದರ ಅರ್ಥ ಜೀವಮಾನವೇ. ಮೀನಿನ ಹೊಟ್ಟೆಯಿಂದ ಯೋನನು ಮಾಡಿದ ಪ್ರಾರ್ಥನೆಯಲ್ಲಿ ತನ್ನ ಮೇಲೆ ಮುಚ್ಚಿಕೊಂಡ ಅಗುಳಿಗಳನ್ನು ಐಯೋನಿಯೊಸ್ ಎಂದಿದ್ದಾನೆ. ಅವನು ಅಲ್ಲಿದ್ದುದು ಮೂರು ದಿನ. ಹಬಕ್ಕೂಕನ ಪ್ರಾರ್ಥನೆಯಲ್ಲಿ ಐಯೋನಿಯೊಸ್ ಆದ ಗುಡ್ಡಗಳು ಕರಗಿಹೋಗುತ್ತವೆ. ಹೀಗೆ ಜೀವಮಾನವೂ, ಪಾರುಗಾಣದ ಸಂಕಟವೂ, ಪುರಾತನತೆಯೂ ಈ ಒಂದೇ ಶಬ್ದದಿಂದ ವಾಚ್ಯವಾಗಿವೆ. ಅದೇ ಶಬ್ದವನ್ನು ದೇವರಿಗೆ ಹೇಳಿದಾಗ ಮಾತ್ರ ಆದಿಯಿಲ್ಲ, ಅಂತ್ಯವಿಲ್ಲ ಎಂಬ ಅರ್ಥವು ಬರುತ್ತದೆ. ಆ ಅರ್ಥವನ್ನು ಕೊಡುವುದು ವಿಶೇಷ್ಯ.

ಕನ್ನಡ ಶಾಸನಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ದತ್ತಿಯು ‘ಆಚಂದ್ರಾರ್ಕ’ವಾಗಿ ಸಲ್ಲತಕ್ಕದ್ದೆಂದು ಬರೆಸಿದ ಅರಸನು ಸೂರ್ಯಚಂದ್ರರ ಆಯುಸ್ಸನ್ನು ಲೆಕ್ಕಹಾಕಿದವನಲ್ಲ. ಈ ದಾನಕ್ಕೆ ಕೊಟ್ಟವರ ಕಡೆಯಿಂದ ಅವಧಿಯಿಲ್ಲ, ಇದನ್ನು ಯಾರೂ ಹಿಂದೆಗೆಯತಕ್ಕದ್ದಲ್ಲ ಎಂಬುದೇ ಅಲ್ಲಿನ ವಿವಕ್ಷೆ. ೮೯ನೆಯ ಕೀರ್ತನೆಯಲ್ಲಿ ದಾವೀದನ ಸಿಂಹಾಸನವು ಓಲಾಮಿನವರೆಗೆ ನಿಲ್ಲುವುದೆಂದು ಹೇಳಿ, ಅದಕ್ಕೆ ಸೂರ್ಯಚಂದ್ರರನ್ನೇ ಉಪಮಾನವಾಗಿ ತಂದಿರುವುದನ್ನು ಗಮನಿಸಿದರೆ ಎರಡು ದೇಶಗಳ ಆಡಳಿತದ ಭಾಷೆಯೂ ಒಂದೇ ಜಾಡಿನಲ್ಲಿ ನಡೆದುದು ಕಂಡುಬರುತ್ತದೆ.

ಯೆಹೂದ್ಯರ ಪಂಡಿತರಲ್ಲಿ ಕಾಲಕ್ರಮೇಣ ಓಲಾಮ್ ಶಬ್ದಕ್ಕೆ ‘ಜಗತ್ತು’ ಎಂಬ ಅರ್ಥವೂ ಸೇರಿ, ‘ಈ ಓಲಾಮ್’, ‘ಬರುವ ಓಲಾಮ್’ ಎಂಬ ಜೋಡಿಯು ರೂಢಿಗೆ ಬಂದಿತು. ಹೊಸ ಒಡಂಬಡಿಕೆಯ ಪ್ರಯೋಗಗಳಿಗೆಲ್ಲ ಈ ಜೋಡಿಯೇ ಹಿನ್ನೆಲೆ.

೪. ಹೊಸ ಒಡಂಬಡಿಕೆಯ ಪ್ರಯೋಗಗಳು

ಕಾಲವನ್ನು ಹೇಳಲು ಹೊಸ ಒಡಂಬಡಿಕೆಯಲ್ಲಿ ಮುಖ್ಯವಾಗಿ ಮೂರು ನಾಮಪದಗಳಿವೆ. ಅಳೆಯಬಹುದಾದ ಕಾಲಕ್ಕೆ ‘ಕ್ರೊನೊಸ್’, ತಕ್ಕ ಸಮಯಕ್ಕೆ ‘ಕೈರೊಸ್’, ಒಂದು ಸ್ಥಿತಿಯೊಡನೆ ಕೂಡಿದ ಅವಧಿಗೆ ‘ಐಯೋನ್’. ಈ ವಿಭಾಗವು ಎಲ್ಲೆಡೆಯೂ ಕಟ್ಟುನಿಟ್ಟಾಗಿಲ್ಲವಾದರೂ ಸ್ಥೂಲವಾಗಿ ಸರಿಯಾದುದೇ.

ಐಯೋನ್ ಎಂಬುದು ಮೊದಲನೆಯದಾಗಿ ಯುಗಾರ್ಥದಲ್ಲಿ ಬರುತ್ತದೆ. ಮತ್ತಾಯನ ೧೩ನೆಯ ಅಧ್ಯಾಯದ ಹಣಜಿಯ ದೃಷ್ಟಾಂತದಲ್ಲಿ ಹೊಲವೆಂದರೆ ‘ಕೊಸ್ಮೊಸ್’, ಸುಗ್ಗಿಯೆಂದರೆ ಐಯೋನಿನ ಸಮಾಪ್ತಿ. ಒಂದು ದೇಶವಾಚಕ, ಮತ್ತೊಂದು ಕಾಲವಾಚಕ. ಇಂಗ್ಲಿಷಿನ ೧೬೧೧ರ ಪ್ರಸಿದ್ಧ ಅನುವಾದವು ಎರಡಕ್ಕೂ ‘ಲೋಕ’ವೆಂಬರ್ಥದ ಒಂದೇ ಶಬ್ದವನ್ನಿಟ್ಟು ಭೇದವನ್ನು ಅಳಿಸಿತು. ಬಳಕೆಯ ಕನ್ನಡ ಬೈಬಲಾದರೋ ಮೊದಲನೆಯದನ್ನು ಲೋಕವೆಂದೂ ಎರಡನೆಯದನ್ನು ಯುಗವೆಂದೂ ಹೇಳಿ ಮೂಲಕ್ಕೆ ಹೆಚ್ಚು ನಿಷ್ಠವಾಗಿದೆ.

ಎರಡನೆಯದಾಗಿ, ಐಯೋನ್ ಎಂಬುದು ಈ ಕಾಲದ ರೀತಿನೀತಿಗಳ ಒಟ್ಟು ಸ್ವರೂಪವನ್ನು ಸೂಚಿಸುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ೧೨ನೆಯ ಅಧ್ಯಾಯದಲ್ಲಿ ಪೌಲನು ಯಾವುದನ್ನು ಅನುಸರಿಸಬೇಡಿರೆಂದನೋ ಅದು ಭೂಮಿಯಲ್ಲ, ಈ ಐಯೋನ್. ಅಲ್ಲಿ ಕನ್ನಡದ ‘ಇಹಲೋಕ’ವೆಂಬುದು ಸೊಗಸಾಗಿ ಒಪ್ಪುತ್ತದೆ. ಮೂರನೆಯದಾಗಿ ಬಹುವಚನದಲ್ಲಿ, ಐಯೋನುಗಳ ಐಯೋನುಗಳವರೆಗೆ ಎಂಬ ಸ್ತುತಿವಾಕ್ಯಗಳಲ್ಲಿ, ಎಣಿಕೆಗೆ ನಿಲುಕದ ಮುಂಗಾಲವು ವಿವಕ್ಷಿತ. ಅದಕ್ಕೆ ‘ಯುಗಯುಗಾಂತರ’ವೆಂಬುದು ಸಹಜವಾದ ಕನ್ನಡ.

ಇನ್ನು ವಿಶೇಷಣ. ಐಯೋನಿಯೊಸ್ ಎಂಬುದು ಹೊಸ ಒಡಂಬಡಿಕೆಯಲ್ಲಿ ಸುಮಾರು ೭೦ ಸಲ ಬಂದಿದೆ. ಅವುಗಳಲ್ಲಿ ಹೆಚ್ಚಿನವು ‘ಜೀವ’ ಎಂಬ ವಿಶೇಷ್ಯದೊಡನೆ. ಯೋಹಾನನ ಸುವಾರ್ತೆಯೊಂದರಲ್ಲಿಯೇ ಈ ಜೋಡಿಯು ೧೭ ಸಲ ಕಾಣುತ್ತದೆ. ಆದರೆ ಇದೇ ವಿಶೇಷಣವು ರೋಮಾಪುರದವರ ಪತ್ರಿಕೆಯ ೧೬ನೆಯ ಅಧ್ಯಾಯದ ಒಂದೇ ವಾಕ್ಯದಲ್ಲಿ ಎರಡು ಸಲ ಬಂದಿರುವ ರೀತಿಯು ವಿಶೇಷವಾಗಿ ಪರಿಶೀಲನಾರ್ಹ. ರಹಸ್ಯವೊಂದು ಗುಪ್ತವಾಗಿದ್ದ ‘ಐಯೋನಿಯೊಸ್ ಕಾಲಗಳು’ ಎಂದು ಒಂದೆಡೆ. ‘ಐಯೋನಿಯೊಸ್ ಆದ ದೇವರು’ ಎಂದು ಇನ್ನೊಂದೆಡೆ. ಮೊದಲನೆಯದು ಮುಗಿದುಹೋದ ಕಾಲ. ರಹಸ್ಯವು ಈಗ ಪ್ರಕಟವಾಗಿದೆಯೆಂದು ವಾಕ್ಯವೇ ಹೇಳುತ್ತದೆ. ಎರಡನೆಯದಕ್ಕೆ ಮುಗಿವೇ ಇಲ್ಲ.

ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಮೇಲಿನ ವಾಕ್ಯದ ಕಾಲಗಳಿಗೆ ಅಂತ್ಯವುಂಟು. ಯೋಹಾನನು ಹೇಳುವ ಜೀವವು ನಂಬಿಕೆಯಿಂದ ಈಗಲೇ ಆರಂಭವಾಗುವುದರಿಂದ ಅದಕ್ಕೆ ಮನುಷ್ಯನಲ್ಲಿ ಆದಿಯುಂಟು. ದೇವರಿಗೆ ಎರಡೂ ಇಲ್ಲ. ಈ ಮೂರಕ್ಕೂ ಗ್ರೀಕಿನಲ್ಲಿ ವಿಶೇಷಣವು ಒಂದೇ. ಸ್ವಭಾವತಃ ಶಾಶ್ವತವೆಂಬ ಅರ್ಥವನ್ನೇ ಒತ್ತಿ ಹೇಳಲು ‘ಅಯಿದಿಯೊಸ್’ ಎಂಬ ಬೇರೆ ಶಬ್ದವಿದ್ದರೂ ಅದು ಹೊಸ ಒಡಂಬಡಿಕೆಯಲ್ಲಿ ಬಂದಿರುವುದು ಎರಡೇ ಕಡೆ: ರೋಮಾಪುರದವರ ಪತ್ರಿಕೆಯಲ್ಲೊಮ್ಮೆ, ಯೂದನ ಪತ್ರಿಕೆಯಲ್ಲೊಮ್ಮೆ.

೫. ಯುಗ, ಲೋಕ, ನಿತ್ಯ

ಕನ್ನಡದ ಮೂರು ಶಬ್ದಗಳನ್ನು ಈಗ ತೂಗಿನೋಡಬಹುದು. ‘ಯುಗ’ವು ಯುಜ್ ಧಾತುವಿನಿಂದ ಬಂದದ್ದು; ನೊಗವೆಂಬುದು ಅದರ ಹಳೆಯ ಅರ್ಥಗಳಲ್ಲೊಂದು. ಗ್ರೀಕಿನಲ್ಲಿ ಅದರ ಬಂಧುವು ನೊಗವಾಚಕವಾದ ‘ಜುಗೊನ್’ ಶಬ್ದವೇ ಹೊರತು ಐಯೋನ್ ಅಲ್ಲ. ಅರ್ಥದಲ್ಲಿಯೂ ಅಂತರವುಂಟು. ಪೌರಾಣಿಕ ಗಣನೆಯಂತೆ ಕಲಿಯುಗವು ೪,೩೨,೦೦೦ ವರ್ಷ. ನಾಲ್ಕು ಯುಗಗಳು ಕೂಡಿ ೪೩,೨೦,೦೦೦ ವರ್ಷ. ಅಂತಹ ಸಾವಿರ ಆವೃತ್ತಿಗಳು ಒಂದು ಕಲ್ಪ. ಯುಗವು ಮರಳಿಮರಳಿ ಬರುವಂಥದು, ಲೆಕ್ಕಕ್ಕೆ ಸಿಕ್ಕುವಂಥದು. ಸುವಾರ್ತೆಯ ಐಯೋನಿಗೆ ವರ್ಷಸಂಖ್ಯೆಯಿಲ್ಲ. ಈ ಐಯೋನು ಮುಗಿದರೆ ಮತ್ತೆ ಬರುವುದಿಲ್ಲ. ಹೀಗಿದ್ದರೂ ಒಂದು ಕಾಲಘಟ್ಟವು ತನ್ನದೇ ಆದ ಧರ್ಮದೊಡನೆ ಕೂಡಿರುತ್ತದೆಂಬ ಭಾವವು ಯುಗಶಬ್ದದಲ್ಲಿರುವುದರಿಂದ ಅನುವಾದಕರ ಆಯ್ಕೆಯು ಸಮಂಜಸವೇ.

‘ಲೋಕ’ವು ದೇಶವನ್ನು ಮುಂದುಮಾಡುತ್ತದೆ. ಮಾರ್ಕನ ೧೦ನೆಯ ಅಧ್ಯಾಯದಲ್ಲಿ ‘ಬರುತ್ತಿರುವ ಐಯೋನಿನಲ್ಲಿ ಐಯೋನಿಯೊಸ್ ಜೀವ’ ಎಂದು ನಾಮಪದವೂ ವಿಶೇಷಣವೂ ಒಟ್ಟಿಗೆ ಬಂದಿವೆ. ಮುಂಬರುವ ಆ ಕಾಲಕ್ಕೆ ತಕ್ಕ ಬಾಳು ಎಂಬುದು ಅಲ್ಲಿನ ಸ್ವಾರಸ್ಯ. ಕನ್ನಡದಲ್ಲಿ ಒಂದು ‘ಲೋಕ’ವೂ ಇನ್ನೊಂದು ‘ನಿತ್ಯ’ವೂ ಆದುದರಿಂದ ಶಬ್ದಸಂಬಂಧವು ಕಡಿದುಹೋಗಿದೆ. ಈ ಲೋಪವು ಕನ್ನಡದಲ್ಲಿ ಮಾತ್ರವೇ ಆದುದಲ್ಲ. ಲ್ಯಾಟಿನ್ ಅನುವಾದದಲ್ಲಿಯೂ ನಾಮಪದಕ್ಕೆ ‘ಸೈಕುಲುಮ್’, ವಿಶೇಷಣಕ್ಕೆ ‘ಐತೆರ್ನುಸ್’ ಎಂದು ಬೇರೆಬೇರೆ ಬೇರುಗಳ ಶಬ್ದಗಳು ಬಂದು ಇದೇ ಪರಿಣಾಮವಾಯಿತು.

‘ನಿತ್ಯ’ವು ಎಲ್ಲಕ್ಕಿಂತ ಭಾರವಾದ ಶಬ್ದ. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಈ ಶಬ್ದಕ್ಕೆ ಎರಡು ಅರ್ಥಗಳನ್ನು ಹೇಳಿದ್ದಾನೆ: ಅಲುಗದೆ ನಿಂತದ್ದು ಒಂದು, ಮತ್ತೆಮತ್ತೆ ನಡೆಯುವುದು ಇನ್ನೊಂದು. ಸದಾ ನಗುವವನನ್ನು ನಿತ್ಯಪ್ರಹಸಿತನೆನ್ನುವುದು ಎರಡನೆಯ ಅರ್ಥಕ್ಕೆ ಅವನು ಕೊಟ್ಟ ಉದಾಹರಣೆ. ಕನ್ನಡದ ರೂಢಿಯಲ್ಲಿ ನಿತ್ಯಪೂಜೆ, ನಿತ್ಯಕರ್ಮ, ನಿತ್ಯದ ಕೆಲಸವೆಂಬಲ್ಲಿ ಎರಡನೆಯದೇ ಬಳಕೆ, ಶಾಸ್ತ್ರದಲ್ಲಿ ಮೊದಲನೆಯದು. ಹಳ್ಳಿಯ ಕೇಳುಗನಿಗೆ ‘ನಿತ್ಯಜೀವ’ವು ದಿನದಿನದ ಬಾಳೆಂದು ಕೇಳಿಸುವ ಸಂಭವವೂ, ಶಾಸ್ತ್ರ ಬಲ್ಲವನಿಗೆ ಅದು ಆದ್ಯಂತರಹಿತವಾದ ಬಾಳೆಂದು ಕೇಳಿಸುವ ಸಂಭವವೂ ಸಮನಾಗಿವೆ. ಮೂಲವು ಹೇಳುವುದು ಇವೆರಡರ ನಡುವಣ ಮಾತು.

೬. ದಾಸಸಾಹಿತ್ಯದ ಕಾಲವಿವೇಕ

ಎಡೆದೊರೆಯ ದಾಸರು ಮಧ್ವಮತದವರಾದುದರಿಂದ ಅವರ ನಿತ್ಯಶಬ್ದವು ಶಾಸ್ತ್ರದಿಂದ ನಿಯತವಾದದ್ದು. ಶ್ರೀಮಧ್ವಾಚಾರ್ಯರು ತತ್ತ್ವಸಂಖ್ಯಾನವೆಂಬ ಕಿರುಗ್ರಂಥದಲ್ಲಿ ಪದಾರ್ಥಗಳನ್ನು ನಿತ್ಯ, ಅನಿತ್ಯ, ನಿತ್ಯಾನಿತ್ಯ ಎಂದು ಮೂರಾಗಿ ವಿಂಗಡಿಸಿದ್ದಾರೆ. ವೇದಗಳು ನಿತ್ಯ, ಪುರಾಣಾದಿಗಳೂ ಪ್ರಕೃತಿಯೂ ಕಾಲವೂ ನಿತ್ಯಾನಿತ್ಯ. ಕಾಲವು ಪ್ರವಾಹರೂಪದಿಂದ ನಿತ್ಯ, ಕ್ಷಣಲವಾದಿ ಅಂಶಗಳಿಂದ ಅನಿತ್ಯ. ಗ್ರೀಕಿನ ಐಯೋನಿಗೆ ಭಾರತೀಯ ಪರಿಭಾಷೆಯಲ್ಲಿ ಒಂದು ಕೋಷ್ಠಕವನ್ನು ಹುಡುಕುವುದಾದರೆ ಅದು ‘ನಿತ್ಯ’ವಲ್ಲ, ಈ ‘ನಿತ್ಯಾನಿತ್ಯ’ವೇ.

ಹರಿಕಥಾಮೃತಸಾರದಲ್ಲಿ ಈ ವಿವೇಕವು ಭಾಮಿನೀ ಷಟ್ಪದಿಯ ನಡೆಯಲ್ಲಿ ಹರಿದುಬಂದಿದೆ. ಶ್ವಾಸಸಂಧಿಯು ಹಗಲಿರುಳಿನ ೨೧,೬೦೦ ಶ್ವಾಸಗಳನ್ನು ಎಣಿಸುತ್ತದೆ. ಎಂದರೆ ಗಳಿಗೆಗೆ ೩೬೦. ಕಲ್ಪಸಾಧನಸಂಧಿಯು ಜೀವರ ಸಾಧನೆಯನ್ನು ಕಲ್ಪಗಳಿಂದ ಅಳೆಯುತ್ತದೆ. ಒಂದು ಉಸಿರಿನಿಂದ ಬ್ರಹ್ಮನ ನೂರು ವರ್ಷಗಳ ಆಯುಸ್ಸಿನವರೆಗೆ ಎಲ್ಲವೂ ಪರಿಮಿತವೇ. ಎಷ್ಟು ದೀರ್ಘವಾದರೂ ಕಲ್ಪವು ನಿತ್ಯವಾಗುವುದಿಲ್ಲ. ದೀರ್ಘವನ್ನೂ ಅನಂತವನ್ನೂ ಬೆರಸದಿರುವುದೇ ಈ ಸಾಹಿತ್ಯವು ಓದುಗನಿಗೆ ಕಲಿಸುವ ಶಿಸ್ತು. ಐಯೋನಿಯೊಸ್ ಶಬ್ದವು ದೀರ್ಘಕ್ಕೂ ಅನಂತಕ್ಕೂ ಸಲ್ಲುವುದರಿಂದ ಅದನ್ನು ಬಿಡಿಸಲು ಬೇಕಾದ ಶಿಸ್ತೂ ಅದೇ.

ಇಲ್ಲಿ ಇನ್ನೊಂದು ವಿಷಯವನ್ನು ಸ್ಪರ್ಶಿಸಬೇಕಾಗಿದೆ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಜೀವತ್ರೈವಿಧ್ಯವನ್ನೂ, ಮರಳಿ ಬರಲಾಗದ ಅಂಧಂತಮಸ್ಸನ್ನೂ ಮಧ್ವಮತವು ಒಪ್ಪಿರುವುದರಿಂದ, ಬರ್ನೆಲ್, ಗ್ರಿಯರ್ಸನ್ ಮೊದಲಾದವರು ಅಲ್ಲಿ ಕ್ರೈಸ್ತಪ್ರಭಾವವನ್ನು ಶಂಕಿಸಿದ್ದರು. ಬಳಿಕ ಬಂದ ಮಧ್ವಸಿದ್ಧಾಂತದ ವಿದ್ವಾಂಸರು ಇದನ್ನು ನಿರಾಕರಿಸಿದ್ದಾರೆ. ಶಬ್ದಪರೀಕ್ಷೆಯೂ ನಿರಾಕರಣೆಯನ್ನೇ ಬೆಂಬಲಿಸುತ್ತದೆ. ಮಧ್ವಮತದಲ್ಲಿ ಗತಿಭೇದಕ್ಕೆ ಕಾರಣವು ಜೀವನ ಅನಾದಿಯಾದ ಸ್ವರೂಪಯೋಗ್ಯತೆ. ಸುವಾರ್ತೆಯಲ್ಲಿ ಅದು ಒಂದು ಐಯೋನಿನ ಸಮಾಪ್ತಿಯಲ್ಲಿ ನಡೆಯುವ ನ್ಯಾಯತೀರ್ಪು. ಫಲವು ಸಮಾನವೆಂದು ತೋರಿದರೂ ಕಾಲಕಲ್ಪನೆಯು ಬೇರೆ.

೭. ವಿವಾದದ ಸ್ಥಳ

ಮತ್ತಾಯನ ೨೫ನೆಯ ಅಧ್ಯಾಯದ ಕೊನೆಯ ವಚನದಲ್ಲಿ ಒಂದು ಗುಂಪಿಗೆ ಐಯೋನಿಯೊಸ್ ದಂಡನೆ, ಇನ್ನೊಂದಕ್ಕೆ ಐಯೋನಿಯೊಸ್ ಜೀವವೆಂದಿದೆ. ಮೂರನೆಯ ಶತಮಾನದ ಒರಿಗೆನನು ದಂಡನೆಯು ಶೋಧನೆಗಾಗಿ ಇರುವುದೆಂದೂ ಕಡೆಗೆ ಸಮಸ್ತವೂ ದೇವರಲ್ಲಿ ಸರಿಗೊಳ್ಳುವುದೆಂದೂ ಭಾವಿಸಿದನು. ಐದನೆಯ ಶತಮಾನದ ಆಗಸ್ಟೀನನು ತನ್ನ ದೇವನಗರವೆಂಬ ಗ್ರಂಥದ ೨೧ನೆಯ ಪುಸ್ತಕದಲ್ಲಿ, ಒಂದೇ ವಾಕ್ಯದಲ್ಲಿ ಒಂದೇ ವಿಶೇಷಣವು ಎರಡು ಸಲ ಬಂದಿರುವಾಗ ಜೀವವು ಅನಂತವಾದರೆ ದಂಡನೆಯೂ ಅನಂತವೇ ಎಂದು ವಾದಿಸಿದನು. ೧೮೫೩ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕನಾಗಿದ್ದ ಫ್ರೆಡರಿಕ್ ಡೆನಿಸನ್ ಮಾರಿಸನು ಈ ವಿಶೇಷಣವು ಕಾಲದ ಉದ್ದವನ್ನಲ್ಲ, ದೇವರ ಸಂಬಂಧವನ್ನು ಹೇಳುವುದೆಂಬ ಅಭಿಪ್ರಾಯವನ್ನು ಪ್ರಕಟಿಸಿ ಹುದ್ದೆಯನ್ನೇ ಕಳೆದುಕೊಂಡನು. ಒಂದು ಶಬ್ದದ ಅರ್ಥಕ್ಕಾಗಿ ಮನುಷ್ಯರು ತೆತ್ತ ಬೆಲೆಯು ಇದರಿಂದ ಗೊತ್ತಾಗುತ್ತದೆ.

ಶಬ್ದಶಾಸ್ತ್ರವು ಈ ವಿವಾದದಲ್ಲಿ ಎಲ್ಲಿಯವರೆಗೆ ಸಾಕ್ಷಿ ಹೇಳಬಲ್ಲದು? ಮೊದಲನೆಯದಾಗಿ, ಐಯೋನಿಯೊಸ್ ಎಂದಮಾತ್ರಕ್ಕೆ ‘ಕೊನೆಯಿಲ್ಲದ’ ಎಂದು ಸಿದ್ಧವಾಗುವುದಿಲ್ಲ; ಯೋನನ ಅಗುಳಿಗಳೂ ಹಬಕ್ಕೂಕನ ಗುಡ್ಡಗಳೂ ಅದಕ್ಕೆ ಪ್ರತಿಸಾಕ್ಷಿ. ಎರಡನೆಯದಾಗಿ, ‘ಕೊನೆಯುಳ್ಳ’ ಎಂದೂ ಸಿದ್ಧವಾಗುವುದಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ೪ನೆಯ ಅಧ್ಯಾಯದಲ್ಲಿ ಕಾಣುವ ವಸ್ತುಗಳು ತಾತ್ಕಾಲಿಕ, ಕಾಣದವು ಐಯೋನಿಯೊಸ್ ಎಂದು ಪೌಲನು ಅದನ್ನು ತಾತ್ಕಾಲಿಕಕ್ಕೆ ವಿರುದ್ಧವಾಗಿಯೇ ನಿಲ್ಲಿಸಿದ್ದಾನೆ. ಮೂರನೆಯದಾಗಿ, ಒಂದೇ ವಾಕ್ಯದ ಎರಡು ಪ್ರಯೋಗಗಳಿಗೂ ಅನುವಾದಕನು ಒಂದೇ ಶಬ್ದವನ್ನಿಡಬೇಕು. ಅಷ್ಟರಮಟ್ಟಿಗೆ ಆಗಸ್ಟೀನನ ಆಗ್ರಹವು ಯುಕ್ತ. ಆದರೆ ಸಮಾನ ಶಬ್ದದಿಂದ ಸಮಾನ ಪರಿಮಾಣವು ತಾನಾಗಿಯೇ ಬರುವುದೆಂಬ ಅವನ ನಿಗಮನಕ್ಕೆ ರೋಮಾಪುರದವರ ಪತ್ರಿಕೆಯ ೧೬ನೆಯ ಅಧ್ಯಾಯದ ಜೋಡಿಪ್ರಯೋಗವು ಅಡ್ಡಬರುತ್ತದೆ. ಅಲ್ಲಿ ಶಬ್ದವು ಒಂದೇ ಆದರೂ ಕಾಲಗಳು ಮುಗಿದಿವೆ, ದೇವರು ಮುಗಿಯುವವನಲ್ಲ. ಇದಕ್ಕಿಂತ ಮುಂದಿನ ನಿರ್ಣಯವು ಸಿದ್ಧಾಂತಿಗಳಿಗೆ ಸೇರಿದ್ದು, ವೈಯಾಕರಣರಿಗಲ್ಲ.

೮. ಉಪಸಂಹಾರ

ಐಯೋನ್ ಎಂಬುದು ಆಯುಸ್ಸಾಗಿ ಹುಟ್ಟಿ, ಯುಗವಾಗಿ ಬೆಳೆದು, ವಿಶೇಷಣರೂಪದಲ್ಲಿ ನಿತ್ಯತ್ವವನ್ನು ಮುಟ್ಟಿದ ಶಬ್ದ. ಎಲ್ಲ ಘಟ್ಟಗಳಲ್ಲಿಯೂ ಅದು ತನ್ನ ಹುಟ್ಟುಗುಣವನ್ನು ಬಿಟ್ಟಿಲ್ಲ: ಯಾವುದರ ಬಾಳೋ ಅದರ ಅಳತೆಯನ್ನೇ ತಾಳುತ್ತದೆ. ಕನ್ನಡದ ಅನುವಾದಕರು ‘ನಿತ್ಯ’ವನ್ನು ಆರಿಸಿದುದು ದೋಷವಲ್ಲ, ಅದಕ್ಕಿಂತ ಹತ್ತಿರದ ಒಂದೇ ಶಬ್ದವು ಭಾಷೆಯಲ್ಲಿಲ್ಲ. ಆದರೆ ಆ ಶಬ್ದವು ಅವರ ಕೈಗೆ ಬರುವ ಮೊದಲೇ ಶತಮಾನಗಳ ಶಾಸ್ತ್ರವಿಚಾರದಿಂದ ತುಂಬಿತ್ತು. ರಾಯಚೂರಿನಲ್ಲಾಗಲಿ ಮತ್ತೆಲ್ಲಿಯಾಗಲಿ ಕನ್ನಡ ಬೈಬಲನ್ನು ಸಾಹಿತ್ಯವಾಗಿ ಬೋಧಿಸುವ ಅಧ್ಯಾಪಕರು ‘ನಿತ್ಯಜೀವ’ವೆಂಬುದನ್ನು ವಿವರಿಸುವಾಗ ‘ಬರುವ ಯುಗಕ್ಕೆ ಸೇರಿದ ಬಾಳು’ ಎಂಬ ಮೂಲದ ಛಾಯೆಯನ್ನೂ ಕೂಡಿಸಿ ಹೇಳಿದರೆ ಕಡಿದ ಎಳೆಯು ಮತ್ತೆ ಕೂಡುತ್ತದೆ. ಹಾಗೆ ಹೇಳಲು ಬೇಕಾದ ಉಪಕರಣವು ದೂರದಲ್ಲಿಲ್ಲ. ಆಯುಸ್ಸ, ಕಲ್ಪ, ನಿತ್ಯ ಎಂಬಿವನ್ನು ಬೇರೆಬೇರೆಯಾಗಿ ತೂಗಿದ ಜಗನ್ನಾಥದಾಸರ ಗ್ರಂಥವು ಮಾನವಿಯ ಮಂದಿರದಲ್ಲಿ ಮಾತ್ರವಲ್ಲದೆ ಕನ್ನಡ ನಾಡಿನ ಮನೆಮನೆಗಳಲ್ಲಿ ಇಂದಿಗೂ ಪಾರಾಯಣಗೊಳ್ಳುತ್ತಿದೆ.